ಕಾಡಿಗೆ ಹೋಗದ ಮನೆ

ಈಗಲೂ ಯಾರಾದರೂ ಫಾರಂ ಹಿಡಿದು ನಮ್ಮ ಮನೆಗೆ ಬಂದು, ಯಜಮಾನರು ನೀವೇನಾ ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬಂದವರ ತಪ್ಪೇನಿಲ್ಲ, ಅವರಿಗೆ ಹಾಗೆ ಕೇಳಬೇಕೆಂದು ಹೇಳಿಕೊಟ್ಟಿರುತ್ತಾರೆ. ಆದರೂ ನಾನು ಉತ್ತರ ಕೊಡುವುದಿಲ್ಲ. ಹೆಂಡತಿಯನ್ನೋ ಸೊಸೆಯನ್ನೋ ಒಳಗಿನಿಂದ ಕರೆದು ಕೂರಿಸಿ, ಇವರನ್ನು ಕೇಳಿ ಎನ್ನುತ್ತೇನೆ. ಮುದುಕನಿಗೆ ಅರಳುಮರಳು ಎಂದುಕೊಂಡು ಹೋಗುವವರೇ ಹೆಚ್ಚು. ಅಂದುಕೊಳ್ಳಲಿ. ಯಜಮಾನನ ಬಾಯಿಂದ ಬಂದದ್ದನ್ನೇ ನಿಜವೆಂದು ಬರೆದುಕೊಂಡರೆ ಏನಾಗುತ್ತದೆ ಎನ್ನುವುದನ್ನು ನಾನು ಇಪ್ಪತ್ತೆರಡನೆಯ ವಯಸ್ಸಿಗೇ ಕಂಡವನು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಎಂ.ಎ. ಅರ್ಥಶಾಸ್ತ್ರದ ಕೊನೆಯ ವರ್ಷದಲ್ಲಿದ್ದೆ. ದೇಶವೆಲ್ಲ ಯೋಜನೆಯ ಮಾತಾಡುತ್ತಿತ್ತು. ಎಷ್ಟು ಕಾಡಿದೆ, ಎಷ್ಟು ನೀರಿದೆ, ದುಡಿಯುವ ಕೈಗಳೆಷ್ಟು, ಯಾವ ಕೈ ಯಾವ ಕೆಲಸದಲ್ಲಿ ಸವೆಯುತ್ತದೆ, ಇದನ್ನು ತಿಳಿಯದೆ ಊರು ಉದ್ಧಾರವಾಗುವುದಿಲ್ಲ ಎಂದು ನಮ್ಮ ಪ್ರೊಫೆಸರು ತರಗತಿಯಲ್ಲಿ ಮೇಜು ಗುದ್ದಿ ಹೇಳುತ್ತಿದ್ದರು. ನನಗೆ ಅವರು ಕೊಟ್ಟ ವಿಷಯ, ಕಾಡಂಚಿನ ಒಂದು ಹಳ್ಳಿಯಲ್ಲಿ ಜನಶಕ್ತಿ ಮತ್ತು ನಿಸರ್ಗ ಸಂಪತ್ತಿನ ನಿರ್ವಹಣೆ. ಹೆಸರು ಕೇಳಿ ನಮ್ಮಪ್ಪ, ಸೌದೆ ಹೊರುವವರನ್ನು ಎಣಿಸುವುದಕ್ಕೂ ಓದಬೇಕೇನು ಎಂದು ನಕ್ಕಿದ್ದರು. ಮನೆಮನೆಗೆ ಹೋಗಿ, ಪ್ರತಿಯೊಬ್ಬರ ದಿನದ ಕೆಲಸವನ್ನು ಗಂಟೆಗಂಟೆಯಾಗಿ ಬರೆದುಕೊಂಡು ಬರಬೇಕಿತ್ತು. ಅದಕ್ಕಾಗಿ ಉದ್ದುದ್ದ ಗೆರೆ ಎಳೆದ ಒಂದು ದಪ್ಪ ಬುಕ್ಕು ನನ್ನ ಬಳಿ ಇತ್ತು. ಅದರಲ್ಲಿ ಕಾಡಿಗೆ ಹೋಗುವವರು ಎನ್ನುವುದೇ ಒಂದು ಖಾನೆ. ಯಾರು ಹೋಗುತ್ತಾರೆ, ಯಾತಕ್ಕೆ ಹೋಗುತ್ತಾರೆ, ಎಷ್ಟು ತರುತ್ತಾರೆ ಎಂದು ಅಲ್ಲಿ ಬರೆಯಬೇಕು.

ನಮ್ಮದು ಶಿಕಾರಿಪುರ. ಕೆರೆ, ಗದ್ದೆ, ಅಂಗಡಿಸಾಲು ನೋಡಿ ಬೆಳೆದವನು ನಾನು. ಸೊರಬದ ಕಡೆಯ ದಟ್ಟ ಕಾಡು ಬಸ್ಸಿನಲ್ಲಿ ಅರ್ಧ ದಿನದ ದಾರಿಯಾದರೂ ಅಲ್ಲಿ ಒಂದು ದಿನ ಉಳಿದವನಲ್ಲ. ಶಿರಾಳಕೊಪ್ಪದ ಸಂತೆಯಲ್ಲಿ ಎತ್ತಿನ ವ್ಯಾಪಾರದಿಂದ ಅಪ್ಪನಿಗೆ ಗೆಳೆಯರಾಗಿದ್ದ ಒಬ್ಬರು ಆ ಕಡೆಯ ಹಳ್ಳಿಯಲ್ಲಿದ್ದರು. ಕ್ಯಾಸನೂರಿಗೆ ನಾಲ್ಕಾರು ಮೈಲಿ ದೂರದ ಊರು. ನಮ್ಮ ಹಾಗೆಯೇ ಲಿಂಗ ಕಟ್ಟಿದ ಮನೆ. ಹುಡುಗ ನಮ್ಮಲ್ಲೇ ಇರಲಿ, ಬೇರೆ ಕಡೆ ಉಂಡರೆ ನಮಗೆ ಅವಮಾನ ಎಂದು ಅವರೇ ಹೇಳಿ ಕಳಿಸಿದರು. ಹಾಗೆ ನಾನು ಸುಗ್ಗಿ ಮುಗಿಯುವ ಹೊತ್ತಿಗೆ ಅವರ ಪಡಸಾಲೆಯಲ್ಲಿ ಹಾಸಿಗೆ ಬಿಚ್ಚಿದೆ.

ಮನೆಯಲ್ಲಿದ್ದವರು ಮೂವರು. ಐವತ್ತು ದಾಟಿದ ಯಜಮಾನರು, ಅವರ ಹೆಂಡತಿ, ಕಣ್ಣು ಮಂಜಾದ ಅವರ ತಾಯಿ. ಇದ್ದೊಬ್ಬ ಮಗಳನ್ನು ಆನವಟ್ಟಿಯ ಕಡೆ ಕೊಟ್ಟಿದ್ದರು. ಯಜಮಾನರ ಹೆಂಡತಿಯನ್ನು ನಾನು ಚಿಕ್ಕಮ್ಮ ಎಂದು ಕರೆಯುತ್ತಿದ್ದೆ. ನಲವತ್ತರ ಆಸುಪಾಸಿನ, ತೆಳ್ಳಗೆ ಎತ್ತರಕ್ಕಿದ್ದ ಹೆಂಗಸು. ಮಾತು ಕಡಿಮೆ, ಬಡಿಸುವ ಕೈ ದೊಡ್ಡದು. ಸಾಕು ಎಂದರೂ ಒಂದು ರೊಟ್ಟಿ ಜಾಸ್ತಿ ಬೀಳುತ್ತಿತ್ತು. ಓದುವ ಹುಡುಗರು ಹಸಿವನ್ನು ಬಾಯಿಬಿಟ್ಟು ಹೇಳುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರ, ಅದು ನನ್ನ ಮಟ್ಟಿಗೆ ಸರಿಯಾಗಿಯೇ ಇತ್ತು.

ಮೊದಲು ಬರೆದದ್ದು ಆ ಮನೆಯ ಲೆಕ್ಕವನ್ನೇ. ಜಗಲಿಯಲ್ಲಿ ಯಜಮಾನರು ಕಂಬಕ್ಕೆ ಒರಗಿ ಕೂತರು. ಪಕ್ಕದಲ್ಲಿ ಊರಿನ ಇಬ್ಬರು ಮೂವರು ಹಿರಿಯರೂ ಇದ್ದರು. ಗದ್ದೆ ಎಷ್ಟು, ಖಾತೆ ಯಾರ ಹೆಸರಿನಲ್ಲಿದೆ, ದನ ಎಷ್ಟು ಎನ್ನುವುದಕ್ಕೆಲ್ಲ ಗಂಭೀರವಾಗಿ ಉತ್ತರ ಹೇಳಿದರು. ಕಾಡಿಗೆ ಹೋಗುವವರ ಖಾನೆ ಬಂದಾಗ ಅವರ ದನಿ ಸ್ವಲ್ಪ ಏರಿತು.

"ನಮ್ಮನೆ ಹೆಂಗಸ್ರು ಕಾಡಿಗೆ ಹೋಗದಿಲ್ಲ ತಮ್ಮ. ಅದನ್ನ ಸರಿಯಾಗಿ ಬರ್ಕ."

ಕೂತಿದ್ದ ಹಿರಿಯರು ತಲೆಯಾಡಿಸಿದರು. ನಾನು ಸೊನ್ನೆ ಬರೆದೆ. ಮನೆಯಾಕೆಯ ಕೆಲಸದ ಎದುರು ಗೃಹಕೃತ್ಯ ಎಂದು ಬರೆದೆ.

ಅದು ಸುಳ್ಳೆಂದು ನನಗೆ ಅಂದೇ ಗೊತ್ತಿತ್ತು. ಪರೀಕ್ಷೆಯ ಭಯದಿಂದ ನಾನು ಬೆಳಕು ಹರಿಯುವ ಮೊದಲೇ ಎದ್ದು ಓದಲು ಕೂರುತ್ತಿದ್ದೆ. ಹಿಂದಿನ ದಿನವಷ್ಟೇ ಹಿತ್ತಲಿನ ಬಾಗಿಲಲ್ಲಿ ಚಿಕ್ಕಮ್ಮ ತಲೆಯ ಮೇಲೆ ದೊಡ್ಡ ಹೆಡಿಗೆ ಹೊತ್ತು ಬಗ್ಗಿ ಒಳಗೆ ಬಂದದ್ದನ್ನು ನೋಡಿದ್ದೆ. ಹೆಡಿಗೆಯ ತುಂಬ ಕಾಡಿನ ತರಗೆಲೆ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಲು, ಆಮೇಲೆ ಅದೇ ಗೊಬ್ಬರವಾಗಿ ಗದ್ದೆಗೆ ಹೋಗಲು ಆ ಎಲೆ ಬೇಕೇ ಬೇಕು. ಮೊದಲಾದರೆ ಆ ಕೆಲಸಕ್ಕೆ ಆಳುಗಳಿದ್ದರು. ಶರಾವತಿಯ ಕಡೆ ಕಟ್ಟೆ ಕಟ್ಟುತ್ತಾರೆ, ರಸ್ತೆ ಕಡಿಯುತ್ತಾರೆ, ವಾರಕ್ಕೆ ಸರಿಯಾಗಿ ಕೂಲಿ ಕೈಗೆ ಬರುತ್ತದೆ ಎಂದು ಆಳುಗಳೆಲ್ಲ ಅತ್ತ ಹೋಗಿಬಿಟ್ಟಿದ್ದರು. ಆಳು ಹೋದರೂ ದನಕ್ಕೆ ಹಾಸಿಗೆ ಬೇಕಲ್ಲ. ಊರು ಏಳುವ ಮೊದಲು ಹೋಗಿ, ಊರು ಏಳುವ ಮೊದಲು ಬಂದರೆ ಮನೆಯ ಮರ್ಯಾದೆಯೂ ಉಳಿಯಿತು, ಕೊಟ್ಟಿಗೆಯೂ ಒಣಗಿತು.

ಇದು ಆ ಒಂದು ಮನೆಯ ಕತೆಯಲ್ಲ. ಗದ್ದೆ ಇದ್ದ, ಪಂಚಾಯಿತಿಯಲ್ಲಿ ಕೂರುವ ಮನೆಗಳಲ್ಲೆಲ್ಲ ಹೀಗೇ. ನಮ್ಮ ಮನೆಯಲ್ಲೂ ಅಮ್ಮ ಕಣಕ್ಕೆ ಹೋಗಿ ಬರುತ್ತಿದ್ದಳು, ಬಂದವರ ಎದುರು ಅಪ್ಪ ನಮ್ಮ ಹೆಣ್ಣುಮಕ್ಕಳು ಹೊಲದ ಮುಖ ಕಂಡವರಲ್ಲ ಎನ್ನುತ್ತಿದ್ದರು. ಅಮ್ಮ ಅದನ್ನು ಒಳಗಿನಿಂದ ಕೇಳಿಸಿಕೊಂಡೇ ರೊಟ್ಟಿ ತಟ್ಟುತ್ತಿದ್ದಳು. ಹೊರಗಿನಿಂದ ಬಂದವನಾಗಿದ್ದರೆ ನನಗೆ ತಿಳಿಯುತ್ತಿರಲಿಲ್ಲ ಎನ್ನಬಹುದಿತ್ತು. ನಾನು ಹೊರಗಿನವನಲ್ಲ. ತಿಳಿದೇ ಬರೆದೆ. ಅವರ ಜಗಲಿಯಲ್ಲಿ ಕೂತು, ಅವರ ಅನ್ನ ಉಂಡು, ನಾಲ್ಕು ಜನರ ಎದುರು ಅವರ ಮಾತನ್ನು ಸುಳ್ಳು ಮಾಡುವುದು ಹೇಗೆ ಎನ್ನುವುದು ನನ್ನ ಸಮಾಧಾನ. ಪ್ರೊಫೆಸರೂ ಮನೆಯ ಯಜಮಾನನ ಹೇಳಿಕೆಯೇ ಆಧಾರ ಎಂದಿದ್ದರಲ್ಲ.

ಒಂದು ಮಧ್ಯಾಹ್ನ ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಆ ಬುಕ್ಕಿನಲ್ಲಿ ತಮ್ಮ ಸುದ್ದಿ ಏನು ಬರೆದಿದೆ ಎಂದು ಕೇಳಿದರು. ನಾನು ಗೃಹಕೃತ್ಯ ಎಂದು ಓದಿದೆ. ಹಾಗಂದರೇನು ಎಂದರು. ಮನೆಗೆಲಸ ಎಂದೆ. ಅಷ್ಟೇನಾ ಎಂದು ಕೇಳಿ ನಕ್ಕರು. ನನ್ನ ಮುಖ ಕೆಂಪಾದದ್ದನ್ನು ನೋಡಿರಬೇಕು, ಅವರೇ ನನ್ನನ್ನು ಸಮಾಧಾನ ಮಾಡಿದರು.

"ಇರ್ಲಿ ಬಿಡು. ಅವ್ರ ಮಾತು ಅವ್ರಿಗಿರ್ಲಿ. ಬರೆದಿದ್ದನ್ನ ಅಳ್ಸಕ್ಕೆ ಹೋಗಬ್ಯಾಡ."

ನಾನು ಅಳಿಸಲಿಲ್ಲ. ಮಜ್ಜಿಗೆ ಕುಡಿದು ಹೊರಗೆ ಬಂದೆ.

ಆ ಊರಿನಲ್ಲಿ ಆಗ ಎಲ್ಲರ ಬಾಯಲ್ಲೂ ಇದ್ದದ್ದು ಜ್ವರದ ಮಾತು. ಹಿಂದಿನ ವರ್ಷ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಮರದಿಂದ ಬಿದ್ದು ಸತ್ತಿದ್ದವು, ಬೆನ್ನಿಗೇ ಜನ ಜ್ವರದಲ್ಲಿ ಮಲಗಿದ್ದರು. ಈ ವರ್ಷ ಈ ಊರಿನ ಕಾಡಿನಲ್ಲೂ ಎರಡು ಮಂಗ ಸತ್ತು ಬಿದ್ದಿವೆ ಎಂದು ದನ ಕಾಯುವವರು ಸುದ್ದಿ ತಂದರು. ವಾರದೊಳಗೆ ಒಬ್ಬ ಡಾಕ್ಟರು ಜೀಪಿನಲ್ಲಿ ಬಂದು ಶಾಲೆಯ ಪಕ್ಕ ಡೇರೆ ಹೊಡೆಸಿದರು. ಘಟ್ಟದ ಕೆಳಗಿನವರು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಕಾಡಿನ ಉಣುಗು, ರಕ್ತ ಹೀರುವ ಸಣ್ಣ ಹುಳ, ಕಚ್ಚಿದರೆ ಈ ಜ್ವರ ಬರುತ್ತದೆ, ಸತ್ತ ಮಂಗದ ಮೈಯಿಂದ ಉಣುಗು ಉದುರಿ ನೆಲದ ಎಲೆಯಲ್ಲಿ ಸೇರಿಕೊಂಡಿರುತ್ತದೆ, ಇದಕ್ಕೆ ಇಂಥದೇ ಎನ್ನುವ ಔಷಧಿಯಿಲ್ಲ, ಕಾಡಿಗೆ ಹೋಗದೆ ಇರುವುದೊಂದೇ ದಾರಿ ಎಂದು ಅವರು ನನಗೆ ಬಿಡಿಸಿ ಹೇಳಿದರು.

ಅವರ ಕಷ್ಟ ಇಷ್ಟೇ: ಇರುವವರು ಅವರು ಮತ್ತು ಒಬ್ಬ ಕಾಂಪೌಂಡರು, ತಿರುಗಬೇಕಾದ ಹಳ್ಳಿ ಹತ್ತಾರು. ಊರಿನವರು ಅವರಿಗೆ ಬಾಯಿ ಬಿಡುತ್ತಿರಲಿಲ್ಲ, ಕಾಡಿಗೆ ಹೋಗುತ್ತೇವೆ ಎಂದರೆ ಫಾರೆಸ್ಟಿನವರು ದಂಡ ಹಾಕುತ್ತಾರೆಂದು ಹೆದರಿಕೆ. ನನ್ನ ಬುಕ್ಕಿನ ವಿಷಯ ಕೇಳಿದಾಗ ಅವರ ಮುಖ ಅರಳಿತು. ಯಾವ ಮನೆಯಿಂದ ಯಾರು ಕಾಡಿಗೆ ಹೋಗುತ್ತಾರೆ ಎಂದು ಅಲ್ಲಿ ಸಾಲುಸಾಲಾಗಿ ಇತ್ತಲ್ಲ. ಆ ಮನೆಗಳಿಗೆ ಹೋಗಿ ತಿಳಿಹೇಳಿ, ವಾರಕ್ಕೊಮ್ಮೆ ನೋಡಿ ಬಂದರೆ ಅರ್ಧ ಕೆಲಸ ಮುಗಿದಂತೆ ಎಂದರು. ಓದಿದ್ದು ಒಂದು ದಿನ ಉಪಯೋಗಕ್ಕೆ ಬಂತಲ್ಲ ಎಂದು ನಾನು ಉಬ್ಬಿಹೋದೆ.

ಯಜಮಾನರ ಜಗಲಿಯಲ್ಲೇ ಕೂತು ಡಾಕ್ಟರು ಪಟ್ಟಿ ಇಳಿಸಿಕೊಂಡರು. ಕೆಂಪು ಪೆನ್ಸಿಲ್ಲಿನಿಂದ ಒಂದೊಂದೇ ಮನೆಗೆ ಗುರುತು ಹಾಕುತ್ತ ಬಂದು, ನಾವು ಕೂತಿದ್ದ ಆ ಮನೆಯ ಸಾಲಿನ ಮೇಲೆ ಪೆನ್ಸಿಲು ನಿಲ್ಲಿಸಿ, ಇದು ಖಚಿತವಾ ಎಂದು ಕೇಳಿದರು. ನಾನು ಯಜಮಾನರ ಮುಖ ನೋಡಿದೆ. ಅವರು ಅಂಗಳದ ಕಡೆ ನೋಡುತ್ತಿದ್ದರು. ಎಲ್ಲ ಮನೆಯನ್ನೂ ನಾನೇ ಕೇಳಿ ಬರೆದದ್ದು ಎಂದೆ. ಪೆನ್ಸಿಲು ಮುಂದಿನ ಸಾಲಿಗೆ ಹೋಯಿತು.

ಮರುದಿನದಿಂದ ಕಾಂಪೌಂಡರು ಗುರುತು ಹಾಕಿದ ಮನೆಗಳಿಗೆ ಹೋಗಿ, ಹೆಂಗಸರನ್ನೂ ಕರೆಸಿ ಕೂರಿಸಿ, ಕಾಡಿನ ಕಡೆ ತಲೆ ಹಾಕಬೇಡಿ, ಎಲೆಯನ್ನಂತೂ ಮುಟ್ಟಬೇಡಿ ಎಂದು ಹೇಳಿದರು. ನಾನಿದ್ದ ಮನೆಯ ಮುಂದೆ ನಮಸ್ಕಾರ ಹೇಳಿ ದಾಟಿಹೋದರು. ಆ ಬೀದಿಯ ಹೆಂಗಸರು ಬಾವಿಕಟ್ಟೆಯಲ್ಲಿ ಸೇರಿ ಮಾತಾಡಿಕೊಂಡಿರಬಹುದು, ನಿಜ. ಆದರೆ ಈ ಮನೆಯ ಹೆಂಗಸರು ಊರ ಬಾವಿಗೂ ಹೋಗುವವರಲ್ಲ, ಹಿತ್ತಲಲ್ಲೇ ಅವರಿಗೆ ಬಾವಿಯಿತ್ತು. ಯಜಮಾನರಾದರೂ ಹೆಂಡತಿಗೆ ಒಂದು ಮಾತು ಹೇಳಬಹುದಿತ್ತು. ಮಂಗ ಸತ್ತದ್ದು ಪಡುವಲ ಕಡೆ, ನಮ್ಮವಳು ಅಷ್ಟು ದೂರ ಹೋಗುತ್ತಿರಲಾರಳು ಎಂದು ಅವರು ತಮ್ಮನ್ನು ತಾವೇ ನಂಬಿಸಿಕೊಂಡಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ನಾನಂತೂ ನಾಳೆ ಹೇಳೋಣ, ಯಜಮಾನರು ಇಲ್ಲದ ಹೊತ್ತು ನೋಡಿ ಹೇಳೋಣ ಎಂದು ದಿನ ತಳ್ಳಿದೆ. ಮುಂಜಾನೆ ಹಿತ್ತಲ ಬಾಗಿಲಿನ ಸದ್ದಾದರೆ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ.

ಆ ನಡುವೆ ಬಟ್ಟೆಬರೆ ತರಲೆಂದು ಶಿಕಾರಿಪುರಕ್ಕೆ ಹೋದೆ. ಉಣ್ಣುತ್ತ ಕೂತಾಗ ಅಮ್ಮನಿಗೆ ಡಾಕ್ಟರು, ಪಟ್ಟಿ, ಕೆಂಪು ಪೆನ್ಸಿಲು ಎಂದು ನನ್ನ ಪ್ರತಾಪವನ್ನೆಲ್ಲ ಹೇಳಿದೆ. ಚಿಕ್ಕಮ್ಮ ಕಾಡಿಗೆ ಹೋಗುವುದಿಲ್ಲವೆಂದು ಯಜಮಾನರು ಬರೆಸಿದ್ದರಿಂದ ನಾನಿದ್ದ ಮನೆಯನ್ನು ಪಟ್ಟಿಯಲ್ಲಿ ಬಿಟ್ಟದ್ದನ್ನೂ ಹೇಳಿದೆ. ಅಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟಳು.

"ಗಂಡಸ್ರು ಹಂಗ ಹೇಳ್ತಾರಪ್ಪ, ಅದು ಎಲ್ಲಾ ಮನಿಯಾಗೂ ಇದ್ದಿದ್ದೇ. ನೀ ಆಕಿಗೆ ಹೇಳಿ ಬಂದ್ಯಾ ಇಲ್ಲಾ?"

ನಾನು ತಟ್ಟೆ ನೋಡಿದೆ. ಅಮ್ಮ ಬೈಯಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗು ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನ ಶಿರಾಳಕೊಪ್ಪದ ಸಂತೆ. ಅಲ್ಲಿ ಬದಲಿಸಬೇಕಾದ ಬಸ್ಸು ಮೂಟೆ, ಕೋಳಿ, ಜನರಿಂದ ತುಂಬಿತ್ತು, ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರನಿಗೆ ದಮ್ಮಯ್ಯ ಹಾಕಿದೆ. ಸಾಯುವಂಥ ಅವಸರವೇನಪ್ಪ ಎಂದು ಅವನು ಕೇಳಿದ. ಹತ್ತಿಸಿಕೊಳ್ಳಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹತ್ತಿ, ಇಳಿದ ಮೇಲಿನ ಮೂರು ಮೈಲಿಯನ್ನು ಅರ್ಧ ಓಡುತ್ತ ಅರ್ಧ ನಡೆಯುತ್ತ ಮುಗಿಸಿದೆ. ಮನೆ ಹೊಕ್ಕಾಗ ಅಜ್ಜಿ ಒಲೆಯ ಮುಂದೆ ತಡಕಾಡುತ್ತಿದ್ದರು. ಚಿಕ್ಕಮ್ಮ ನಡುಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಹಿಂದಿನ ಸಂಜೆಯಿಂದ ಜ್ವರವಂತೆ. ಕಣ್ಣು ಕೆಂಡದ ಹಾಗೆ ಕೆಂಪಗಿದ್ದವು. ತಲೆ ಸಿಡಿಯುತ್ತದೆ ಎಂದವರು ನನ್ನನ್ನು ನೋಡಿ, ಉಂಡೆಯಾ ಎಂದು ಕೇಳಿದರು.

ಡಾಕ್ಟರನ್ನು ನಾನೇ ಕರೆತಂದೆ. ಅವರು ಮೈ ಮುಟ್ಟಿ ನೋಡಿ, ಇವರು ಈಚೆಗೆ ಕಾಡಿಗೆ ಹೋಗಿದ್ದರಾ ಎಂದು ಯಜಮಾನರನ್ನು ಕೇಳಿದರು. ಬಾಗಿಲಲ್ಲಿ ಅಕ್ಕಪಕ್ಕದವರು ನಿಂತಿದ್ದರು. ಯಜಮಾನರು ಒಮ್ಮೆ ಅವರ ಕಡೆ ನೋಡಿದರು. ಇಲ್ಲ, ನಮ್ಮನೆಯವರು ಹೋಗುವುದಿಲ್ಲ ಎಂದರು. ಅಷ್ಟು ಹೊತ್ತಿಗೆ ಆ ಮಾತು ಅವರ ಬಾಯಿಗೆ ರೂಢಿಯಾಗಿಬಿಟ್ಟಿತ್ತೋ ಏನೋ. ಡಾಕ್ಟರು ಹಾಗಾದರೆ ಇದು ವಿಷಮಶೀತ ಜ್ವರ ಇರಬಹುದು ಎಂದು ಚೀಲ ಮುಚ್ಚತೊಡಗಿದರು.

"ದಿನಾ ಹೋಗ್ತಾರೆ," ಎಂದೆ ನಾನು. "ತರಗೆಲೆ ತರ್ತಾರೆ. ನಾನೇ ನೋಡಿದೀನಿ. ಬುಕ್ಕಲ್ಲಿ ಬರೆದಿದ್ದು ಸುಳ್ಳು."

ಯಜಮಾನರು ಎದ್ದು ಕೊಟ್ಟಿಗೆಯ ಕಡೆ ಹೋದರು. ಡಾಕ್ಟರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು, ಸಿಟ್ಟಿಗಿಂತ ಬೇಸರವಿತ್ತು. ಚೀಲ ಬಿಚ್ಚಿ ರಕ್ತ ತೆಗೆದುಕೊಂಡರು, ನೀರು ಕುಡಿಸುತ್ತಿರಿ ಎಂದರು, ದಿನಕ್ಕೆ ಎರಡು ಸಲ ಬಂದರು. ಅವರ ಕೈಯಲ್ಲಿ ಆಗುವುದನ್ನೆಲ್ಲ ಮಾಡಿದರು. ನಾನು ಮತ್ತು ಆನವಟ್ಟಿಯಿಂದ ಓಡಿಬಂದ ಮಗಳು ಸರದಿಯ ಮೇಲೆ ಗಂಜಿ ಹಾಕಿದೆವು. ಒಂದು ದಿನ ಜ್ವರ ಇಳಿಯಿತು, ಎದ್ದು ಕೂತು ದನಗಳಿಗೆ ಹುಲ್ಲು ಹಾಕಿದಿರಾ ಎಂದು ವಿಚಾರಿಸಿದರು. ನಮಗೆ ಹೋದ ಜೀವ ಬಂದಂತಾಯಿತು. ಆಮೇಲೆ ವಸಡಿನಲ್ಲಿ ರಕ್ತ ಕಾಣಿಸಿತು. ಒಂಬತ್ತನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು.

ನಮ್ಮ ಪದ್ಧತಿಯಂತೆ ಕೂರಿಸಿ, ವಿಭೂತಿ ಇಟ್ಟು, ಗದ್ದೆಯ ತಲೆಯಲ್ಲಿ ಸಮಾಧಿ ಮಾಡಿದರು. ನಾನೂ ಹಿಡಿ ಮಣ್ಣು ಹಾಕಿದೆ. ಆಮೇಲೆ ಆ ಮನೆಯಲ್ಲಿ ಉಳಿಯುವ ಧೈರ್ಯವಾಗದೆ ಹಾಸಿಗೆ ಸುತ್ತಿಕೊಂಡು ಶಾಲೆಯ ಜಗಲಿಗೆ ಬಂದೆ. ಡಾಕ್ಟರು ಪಟ್ಟಿಯನ್ನು ಮೊದಲಿನಿಂದ ಮಾಡಬೇಕೆಂದರು. ಈ ಸಲ ಅವರೂ ನಾನೂ ಒಟ್ಟಿಗೆ ಪ್ರತಿ ಮನೆಗೂ ಹೋಗಿ, ಗಂಡಸರನ್ನು ಹೊರಗೆ ಕೂರಿಸಿ, ಹೆಂಗಸರನ್ನು ಕೇಳಿದೆವು. ಸೊನ್ನೆ ಇದ್ದ ಮನೆಗಳಲ್ಲಿ ಒಂದೂ ಸೊನ್ನೆಯಾಗಿ ಉಳಿಯಲಿಲ್ಲ. ಯಜಮಾನರ ಮನೆಗೆ ಮಾತ್ರ ನಾವು ಹೋಗಲಿಲ್ಲ. ಹೋಗಿ ಯಾರನ್ನು ಕೇಳುವುದು?

ಹನ್ನೊಂದು ದಿನ ಕಳೆದ ಮೇಲೆ ಅವರೇ ಶಾಲೆಗೆ ಬಂದರು. ಇಳಿಹೊತ್ತು. ಗಡ್ಡ ಬಂದಿತ್ತು, ಹೆಗಲ ಮೇಲೆ ಟವೆಲು ಇರಲಿಲ್ಲ. ನನ್ನನ್ನು ಬೈಯಲು ಬಂದಿದ್ದಾರೆಂದುಕೊಂಡೆ, ಬೈದರೆ ಒಳ್ಳೆಯದು ಎಂದೂ ಅನ್ನಿಸಿತು. ಅವರು ಬಂದು ಜಗಲಿಯ ತುದಿಯಲ್ಲಿ ಕೂತರು.

"ಬುಕ್ಕು ತೆಗಿ ತಮ್ಮ. ನಮ್ಮನೇದು ತಪ್ಪಾಗಿ ಬರ್ಸಿದೀನಿ. ಈಗ ಸರಿಯಾಗಿ ಹೇಳ್ತೀನಿ, ಬರ್ಕ."

ನಾನು ಬುಕ್ಕು ತೆಗೆದು ಆ ಹಾಳೆ ಬಿಡಿಸಿದೆ. ಅವರು ಒಂದೊಂದೇ ಹೇಳಿದರು. ಬೆಳಕಾಗುವ ಮೊದಲು ಏಳುತ್ತಿದ್ದಳು ಎಂದರು. ಕಾಡಿಗೆ ಹೋಗುತ್ತಿದ್ದಳು, ದಿನಾ ಹೋಗುತ್ತಿದ್ದಳು ಎಂದರು. ದಾರಿಯಲ್ಲಿ ಹೋಗುವವರಿಗೂ ಕೇಳಿಸಲಿ ಎನ್ನುವಷ್ಟು ದೊಡ್ಡದಾಗಿ ಹೇಳಿದರು. ನಾನು ಸೊನ್ನೆಯನ್ನು ಹೊಡೆದುಹಾಕಿ ಅದರ ಮೇಲೆ ಬರೆಯುತ್ತ ಹೋದೆ. ಯಾವಾಗಿನಿಂದ ಎಂದು ಕೇಳಿದೆ. ಆಳು ಬಿಟ್ಟ ಮೇಲೆ ಎಂದವರು, ಅಲ್ಲ, ಅದಕ್ಕೂ ಮೊದಲೇ ಇರಬೇಕು ಎಂದು ತಡವರಿಸಿದರು. ದಿನಕ್ಕೆ ಎಷ್ಟು ಹೆಡಿಗೆ, ಎಷ್ಟು ದೂರ ಎಂದು ಕೇಳಿದೆ. ಖಾನೆಯಲ್ಲಿ ಅದೂ ಇತ್ತು.

ಅವರು ಬೆರಳು ಮಡಿಚಿದರು, ಮತ್ತೆ ಬಿಡಿಸಿದರು.

"ಗೊತ್ತಿಲ್ಲ ತಮ್ಮ. ನಾ ಏಳೋ ಹೊತ್ತಿಗೆ ಕೊಟ್ಟಿಗೆಗೆಲ್ಲ ಎಲೆ ಹಾಸಿರ್ತಿತ್ತು. ಎಲ್ಲಿಂದ ತಂದೆ, ಎಷ್ಟು ತಂದೆ ಅಂತ ನಾ ಒಂದಿನಾನೂ ಕೇಳ್ಲಿಲ್ಲ."

ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಅವರು ಒರೆಸಿಕೊಳ್ಳಲಿಲ್ಲ. ನನ್ನ ಕೈಯ ಬುಕ್ಕನ್ನೇ ನೋಡುತ್ತ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆನ್ನುವವರ ಹಾಗೆ ಕೇಳಿದರು:

"ನೀನು ಅದನ್ನ ಕೇಳಕ್ಕೇ ಅಂತ ಬಂದವ್ನಲ್ಲ. ನೀನಾದ್ರೂ ಕೇಳಿದ್ಯೇನೋ?"

ಆ ಮನೆಯಲ್ಲಿ ನಾನು ಎರಡು ತಿಂಗಳು ಉಂಡಿದ್ದೆ. ಇಲ್ಲ ಎಂದೆ.